ಸೇರಿದೂರನ್ನು ಮೇಲಿನಿಂದ

ಅವ್ವನ ತವರು ಬೆಟ್ಟದಪುರದ ಕೆಳಗಿನ ಒಂದು ಹಳ್ಳಿ. ಹುಡುಗಿಯಾಗಿದ್ದಾಗ ಶಿವರಾತ್ರಿಗೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತಿ, ಬಂಡೆಯ ಮೇಲೆ ನಿಂತು ತಮ್ಮೂರನ್ನು ನೋಡುತ್ತಿದ್ದಳಂತೆ. ನಮ್ಮನೆ ಹೆಂಚು ಅದು, ಕಣದ ಹುಣಸೆಮರ ಇದು ಎಂದು ಗೆಳತಿಯರಿಗೆ ಬೆರಳು ಮಾಡಿ ತೋರಿಸುತ್ತಿದ್ದುದನ್ನು ಈಗಲೂ ಹೇಳುತ್ತಾಳೆ. ಮದುವೆಯಾಗಿ ಬಿಳಿಕೆರೆಗೆ ಬಂದು ಐವತ್ತು ವರ್ಷ ದಾಟಿದೆ. ಈ ಸಲ ವರ್ಷತೊಡಕಿನ ಊಟ ಮುಗಿಸಿ ನಾವೆಲ್ಲ ಜಗುಲಿಯ ಮೇಲೆ ಕೂತಿದ್ದಾಗ, ಮಕ್ಕಳ ರಜಕ್ಕೆ ಎಲ್ಲಿಗೆ ಹೋಗೋಣ ಎಂಬ ಮಾತು ಬಂತು. ಯಾವತ್ತೂ ಏನನ್ನೂ ಕೇಳದ ಅವ್ವ ಎಲೆಗೆ ಸುಣ್ಣ ಸವರುತ್ತಾ, "ತವರೂರ್ನ ಮ್ಯಾಲಿಂದ ನೋಡಿವ್ನಿ ಕಣಪ್ಪ. ಸೇರಿದೂರ್ನ ನೋಡಿಲ್ಲ" ಅಂದಳು.

ಬೆಟ್ಟದಪುರದಷ್ಟು ಎತ್ತರದ ಬೆಟ್ಟ ನಮ್ಮ ಮಗ್ಗುಲಲ್ಲಿಲ್ಲ. ಇರುವ ಗುಡ್ಡ ಹತ್ತಲೂ ಅವಳ ಮಂಡಿ ಬಿಡುವುದಿಲ್ಲ. ಅಣ್ಣನ ಮಗ ಒಂದು ಮದುವೆಯಲ್ಲಿ ಡ್ರೋನ್‌ನಿಂದ ತೆಗೆದಿದ್ದ ಊರಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. ಅವ್ವ ಪೂರ್ತಿ ನೋಡಿ, ಮೊಬೈಲನ್ನು ಮೆಲ್ಲಗೆ ಅವನ ಕೈಗೆ ಕೊಟ್ಟು, "ನೋಡಿದ್ದು ಅದು ಮಗ, ನಾನಲ್ವಲ್ಲ" ಅಂದಳು. ಹೆಲಿಕಾಪ್ಟರ್ ಎಂದು ಮೊದಲು ಹೇಳಿದವಳು ನನ್ನ ಮಗಳು.

ನಮ್ಮ ಕಡೆಯವರಿಗೆ ಹೆಲಿಕಾಪ್ಟರ್ ಎಂದರೆ ಚುನಾವಣೆ. ಮೈದಾನಕ್ಕೆ ಟ್ಯಾಂಕರಿನಿಂದ ನೀರು ಹೊಡೆದು ದೂಳು ಅಡಗಿಸಿ, ಸುಣ್ಣದಲ್ಲಿ ದುಂಡಗೆ ಗೆರೆ ಎಳೆದು ನಡುವೆ ಎಚ್ ಅಕ್ಷರ ಬರೆದರೆ, ಭಾಷಣಕ್ಕಿಂತ ಮುಂಚೆ ಅದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಅದರಲ್ಲಿ ನಾವೂ ಕೂರಬಹುದು ಎಂದು ತೋರಿಸಿದ್ದು ಮೈಸೂರು ದಸರಾ. ಲಲಿತಮಹಲ್ ಅರಮನೆಯ ಬಳಿಯ ಹೆಲಿಪ್ಯಾಡಿನಿಂದ ಕೆಲವು ವರ್ಷ ಹಬ್ಬದ ದಿನಗಳಲ್ಲಿ ಜನರನ್ನು ಹತ್ತಿಸಿಕೊಂಡು ನಗರದ ಮೇಲೆ ಒಂದು ಸುತ್ತು ಹಾಕಿಸಿ ಇಳಿಸಿದ್ದಾರೆ. ಅಲ್ಲೇ ಕಾಯಂ ಹೆಲಿ ಪ್ರವಾಸೋದ್ಯಮ ಮಾಡುತ್ತೇವೆಂದು 2021ರಲ್ಲಿ ನೂರಕ್ಕೂ ಹೆಚ್ಚು ಮರ ಕಡಿಯಲು ಹೊರಟಾಗ ಮೈಸೂರಿನ ಜನ ಬೀದಿಗಿಳಿದರು, ಯೋಜನೆ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಮೇಲಿನಿಂದ ನೋಡಲು ಕೆಳಗೆ ಆ ಹಸಿರೂ ಇರಬೇಕಲ್ಲ.

ಮಕ್ಕಳ ರಜಕ್ಕೇ ಎಂದು ವಿಚಾರಿಸಲು ಹೊರಟೆ. ಅಣ್ಣ ಕೇದಾರನಾಥ ಎಂದ. ಹೆಲಿಕಾಪ್ಟರೂ ಆಯಿತು, ಪುಣ್ಯವೂ ಆಯಿತು ಎಂಬುದು ಅವನ ಲೆಕ್ಕ. ನಾನು ಒಪ್ಪಲಿಲ್ಲ. ಆ ಕ್ಷೇತ್ರ ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳುಗಾಳಿಯಲ್ಲಿ ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಕಣಿವೆಯಲ್ಲಿ ಮೋಡ ಕವಿಯಲು ಹೆಚ್ಚು ಹೊತ್ತು ಬೇಡ. 2022ರ ಅಕ್ಟೋಬರಿನಲ್ಲೂ 2025ರ ಜೂನಿನಲ್ಲೂ ಅದೇ ದಾರಿಯಲ್ಲಿ ಹೆಲಿಕಾಪ್ಟರ್ ಬಿದ್ದು ಏಳೇಳು ಜನ ತೀರಿಕೊಂಡರು. ಸುಮಾರು 760 ಮೀಟರ್ ಎತ್ತರದ ನಮ್ಮ ಮೈಸೂರು ಬಯಲಿನ ಹಾರಾಟವೇ ಬೇರೆ, ಅದೇ ಬೇರೆ. ಅಷ್ಟಕ್ಕೂ ಅವ್ವ ಕೇಳಿದ್ದು ಹಿಮಾಲಯವನ್ನಲ್ಲ.

ಬಾಡಿಗೆಗೆ ತಂದು ಬಿಳಿಕೆರೆಯ ಮೇಲೇ ಹಾರಿಸಬಹುದೇ ಎಂದೂ ಕೇಳಿದೆ. ಗಂಟೆ ಲೆಕ್ಕ. ಅದು ತನ್ನ ನೆಲೆಯಿಂದ ಇಲ್ಲಿಗೆ ಬರುವ ಹೊತ್ತು, ವಾಪಸು ಹೋಗುವ ಹೊತ್ತು ಎಲ್ಲವೂ ನಮ್ಮ ಖಾತೆಗೇ. ಗಂಟೆಗೆ ಲಕ್ಷದ ಮೇಲೆ. ಊರಲ್ಲಿ ಇಳಿಸಬೇಕಾದರೆ ಜಿಲ್ಲಾಡಳಿತದ ಒಪ್ಪಿಗೆಯೂ ಬೇಕು. ಒಂದು ವರ್ಷದ ಹೊಗೆಸೊಪ್ಪಿನ ದುಡ್ಡು ಒಂದು ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅವ್ವನಿಗೆ ಬೆಲೆ ಹೇಳಲಿಲ್ಲ, ಆಗದು ಎಂದಷ್ಟೇ ಹೇಳಿದೆ.

ಉಳಿದದ್ದು ದಸರೆಯ ಹತ್ತು ನಿಮಿಷದ ಸುತ್ತು. ಅದು ನಮ್ಮೂರ ತನಕ ಬರುವುದಿಲ್ಲ. ಲಲಿತಮಹಲಿನಿಂದ ಬಿಳಿಕೆರೆಗೆ ನೇರ ಗೆರೆ ಎಳೆದರೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಆದರೆ ಒಂದು ರಾತ್ರಿ ಮಗಳ ಗಣಿತದ ಪುಸ್ತಕ ತೆಗೆದುಕೊಂಡು ಕೂತು ಲೆಕ್ಕ ಹಾಕಿದೆ. ನೆಲದಿಂದ ಮುನ್ನೂರು ಮೀಟರ್ ಮೇಲೆ ಹೋದರೆ ಬಯಲುಸೀಮೆಯಲ್ಲಿ ಬಾನಂಚು ಅರವತ್ತು ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ನಮ್ಮೂರು ಅದರೊಳಗೇ ಇದೆ! ಕಣ್ಣಿಗೆ ಮನೆ ಸಿಗಲಾರದು, ಆದರೆ ಕೆರೆ ಸಿಕ್ಕೀತು. ಬಿಳಿಕೆರೆ ಮೈಸೂರಿಗೆ ಪಡುವಣಕ್ಕಿದೆ. ಇಳಿಹೊತ್ತಿನಲ್ಲಿ ಮೂಡಲಿಂದ ನೋಡುವವರಿಗೆ, ಸೂರ್ಯ ಆಚೆ, ನೀರು ಈಚೆ ಇದ್ದು ಕೆರೆ ಹೊಳೆಯುತ್ತದೆ. ಬೆಳಗಿನ ಸುತ್ತಿನಲ್ಲಿ ಈ ಹೊಳಪು ಸಿಗುವುದಿಲ್ಲ. ಹೀಗೆ ಹೊತ್ತು ಗೊತ್ತಾಯಿತು: ಬೆಳಕು ಮಾಸುವ ಮುಂಚಿನ ಕೊನೆಯ ಸುತ್ತುಗಳಲ್ಲೊಂದು.

ಆಮೇಲೆ ಸೀಟು. ಆರು ಜನ ಕೂರುವ ಬೆಲ್ 407ರಂಥ ಹೆಲಿಕಾಪ್ಟರಿನಲ್ಲಿ ಪೈಲಟ್ ಪಕ್ಕ ಒಬ್ಬರು, ಹಿಂದಕ್ಕೆ ಮುಖ ಮಾಡಿ ಇಬ್ಬರು, ಅವರೆದುರು ಮೂವರು. ಆ ಮೂವರಲ್ಲಿ ನಡುವಿನವರಿಗೆ ಕಿಟಕಿಯಿಲ್ಲ. ಎಲ್ಲರನ್ನೂ ತೂಕ ಮಾಡಿ, ಭಾರ ಒಂದೇ ಕಡೆ ವಾಲದಂತೆ ಅವರೇ ಕೂರಿಸುತ್ತಾರೆ. ಅದು ಸುರಕ್ಷತೆಯ ಮಾತು, ಅದರಲ್ಲಿ ಹಟ ಸಲ್ಲದು. ಆದರೂ ಮನೆಯವರೇ ಆರು ಜನ ಒಟ್ಟಿಗೆ ಹೋದರೆ, ತೂಕ ಹೊಂದುವುದಾದರೆ, ಅವ್ವನಿಗೆ ಪಡುವಣದ ಕಿಟಕಿ ಬಿಡಿ ಎಂದು ಕೇಳಬಹುದು. ಅವಳ ಮಂಡಿಗೆ ಹತ್ತುವ ಮೆಟ್ಟಿಲು ಎಷ್ಟು ಎತ್ತರ, ಹಿಡಿದು ಹತ್ತಿಸುವವರು ಇರುತ್ತಾರಾ ಎಂಬುದನ್ನೂ ಕೇಳಬೇಕು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು, ಬಾಲದ ಕಡೆ ಸುಳಿಯಲೇಬಾರದು, ಪೈಲಟ್ ಕಣ್ಣಿಗೆ ಬೀಳುವಂತೆ ನಡೆಯಬೇಕು. ಇದನ್ನೆಲ್ಲ ಮಗಳು ಅಜ್ಜಿಗೆ ಅಂಗಳದಲ್ಲೇ ನಡೆಸಿ ತೋರಿಸಿದ್ದಾಳೆ.

ರಜ ಈಗಲೇ ಇರುವಾಗ ದಸರೆಯ ತನಕ ಕಾಯಿಸಲು ನನಗೆ ಮನಸ್ಸಿರಲಿಲ್ಲ. ಅವಳ ವಯಸ್ಸಿಗೆ ಆರು ತಿಂಗಳು ಸಣ್ಣದಲ್ಲ. ದಸರೆಯ ಹಾರಾಟವೂ ಪ್ರತಿ ವರ್ಷ ತಪ್ಪದೆ ಇರುವಂಥದ್ದಲ್ಲ. ಯುಗಾದಿಯಾದ ವಾರಕ್ಕೆ ಅವ್ವನನ್ನು ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದೆ. ತಾಯಿಯ ದರ್ಶನ ಮಾಡಿ, ಸಂಜೆ ಪಡುವಣಕ್ಕೆ ಮುಖ ಮಾಡಿ ನಿಂತೆವು. ಕುಕ್ಕರಹಳ್ಳಿ ಕೆರೆ ಕಂಡಿತು. ಅದರಾಚೆ ಬೇಸಿಗೆಯ ಮಬ್ಬು, ಬೂದಿ ಬಳಿದ ಹಾಗೆ. ಹುಣಸೂರು ರಸ್ತೆ ಯಾವ ದಿಕ್ಕಿಗೆ ಹೋಗಿದೆ ಎಂದು ನಾನು ಕೈ ತೋರಿಸಿದೆ. ಅವ್ವ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಈಗ ಕೆರೇಲಿ ನೀರೇ ಇಲ್ವಲ್ಲಪ್ಪ, ಎಲ್ಲಿಂದ ಹೊಳದಾದು" ಅಂದಳು.

"ಮಳೆ ಆಗ್ಲಿ ಅವ್ವ. ದಸರಾ ಹೊತ್ಗೆ ಗಾಳೀನೂ ತೊಳ್ದಂಗಿರ್ತದೆ, ಕೆರೇನೂ ತುಂಬಿರ್ತದೆ."

"ತುಂಬುದ್ಮ್ಯಾಲೇ ಹೋಗವ" ಅಂದು, ಬಸ್ಸಿನ ಕಡೆಗೆ ನನ್ನ ತೋಳು ಹಿಡಿದು ಹೊರಟಳು.