ಅಳತೆ ಪುಸ್ತಕದ ಬುಧವಾರಗಳು

ಚನ್ನರಾಯಪಟ್ಟಣದ ನಮ್ಮ ಭಾವನ ಮನೆಗೆ ಹೋದಾಗಲೆಲ್ಲ ಒಂದು ಜಗಳ ಆಗುತ್ತದೆ. ಆಸ್ತಿಯದ್ದಲ್ಲ, 1971ರ ಹಿಂದಿ ಹಾಡುಗಳದ್ದು.

ಅವರ ನಡುಮನೆಯ ಕಿಟಕಿಯಲ್ಲಿ ಒಂದು ಕಾರ್ವಾನ್ ಕೂತಿದೆ. ನೋಡಲು ಹಳೇ ರೇಡಿಯೋ, ಹೊಟ್ಟೆಯೊಳಗೆ 5,000 ಹಾಡು. ಮಗಳು ತಂದುಕೊಟ್ಟದ್ದು. ಕನ್ನಡ ಹಾಡಿನದೂ ಸಿಗುತ್ತದೆ, ಆದರೆ ಭಾವ ಹಿಂದಿಯದೇ ಬೇಕೆಂದು ಹಟ ಹಿಡಿದು ತರಿಸಿಕೊಂಡರು. ಕಾರಣ ಒಂದೇ, ಅದರೊಳಗೆ ಸಿಲೋನ್ ರೇಡಿಯೋದಲ್ಲಿ ಬುಧವಾರಕ್ಕೊಮ್ಮೆ ಜನಪ್ರಿಯ ಹಿಂದಿ ಹಾಡುಗಳನ್ನು ಕ್ರಮದಲ್ಲಿ ಕೇಳಿಸುತ್ತಿದ್ದ ಗೀತ್‌ಮಾಲಾ ಇದೆ. ಗುಂಡಿ ತಿರುಗಿಸಿದರೆ ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ಬರುತ್ತಾರೆ. ಎಂದಿನಂತೆ ಅಕ್ಕತಂಗಿಯರನ್ನು ಮೊದಲು, ಅಣ್ಣತಮ್ಮಂದಿರನ್ನು ಆಮೇಲೆ ಮಾತಾಡಿಸುತ್ತಾರೆ. ನಮ್ಮಕ್ಕ ಒಳಗಿನಿಂದ, "ಬಂದ ನೋಡು ನಿಮ್ಮಪ್ಪ" ಅನ್ನುತ್ತಾಳೆ.

"ಆ ವರ್ಷ ಮೊದಲನೇದು ಕಟೀ ಪತಂಗ್‌ದು ಕಣಯ್ಯ."

"ಅಲ್ಲ ಭಾವ, ಅಂದಾಜ್‌ದು. ಕಿಶೋರ್."

"ನೀನು ಆವಾಗ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ. ನಿನಗೇನು ಗೊತ್ತು?"

ಚಡ್ಡಿಯ ಮಾತಿಗೆ ಆಮೇಲೆ ಬರುತ್ತೇನೆ. ವರ್ಷದ ಪಟ್ಟಿಯಲ್ಲಿ ಗೆದ್ದದ್ದು ಅಂದಾಜ್ ಹಾಡೇ, ಅದರಲ್ಲಿ ಅನುಮಾನವಿಲ್ಲ. ಆದರೆ ಭಾವನ ಮಾತೂ ಪೂರ್ತಿ ಸುಳ್ಳಿರಲಾರದು. ಅವರ ನೆನಪಿನಲ್ಲಿರುವುದು ವರ್ಷವಲ್ಲ, ಯಾವುದೋ ಒಂದು ಬುಧವಾರ. ಕಿಟಕಿಯ ಪೆಟ್ಟಿಗೆಯಲ್ಲಿ ವರ್ಷಗಳಿವೆ, ಬುಧವಾರಗಳಿಲ್ಲ. ನಮ್ಮ ಜಗಳ ಹರಿಯದೆ ಉಳಿದಿರುವುದು ಅದಕ್ಕೇ.

ಬಿನಾಕಾ ಗೀತ್‌ಮಾಲಾ ಶುರುವಾದದ್ದೂ ಒಂದು ಬುಧವಾರವೇ, 1952ರ ಡಿಸೆಂಬರ್ 3ರಂದು. ಅದರ ಹಿಂದೆ ಒಂದು ತಮಾಷೆಯಿದೆ. ನಮ್ಮ ಪಕ್ಕದ ಮೈಸೂರಿನಲ್ಲಿ 1935ರಲ್ಲೇ ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ಕಟ್ಟಿದ್ದರು. 'ಆಕಾಶವಾಣಿ' ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ. ಆದರೆ 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಯಾದ ಕೇಸ್ಕರರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ, ಶಾಸ್ತ್ರೀಯ ಸಂಗೀತವೇ ಆಗಬೇಕು. ಸಿನಿಮಾ ಹಾಡು ಬೇಕಾದವರು ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಬೊಂಬಾಯಿಯ ಹಾಡನ್ನು ಬೊಂಬಾಯಿಯಲ್ಲೇ ಟೇಪು ಮಾಡಿ, ಟೇಪನ್ನು ಸಿಲೋನಿಗೆ ಕಳಿಸಿ, ಅಲ್ಲಿಂದ ಅದು ಸಮುದ್ರ ದಾಟಿ ಹೊಳೆನರಸೀಪುರಕ್ಕೆ ಬರುತ್ತಿತ್ತು. 1957ರಲ್ಲಿ ವಿವಿಧ ಭಾರತಿ ಹುಟ್ಟುವ ಹೊತ್ತಿಗೆ ಬುಧವಾರ ರಾತ್ರಿ ಎಂಟು ಗಂಟೆ ಜನರ ಮೈಗೆ ಹತ್ತಿಬಿಟ್ಟಿತ್ತು.

ನನಗೆ ಅದು ಹತ್ತಿದ್ದು ಹೊಳೆನರಸೀಪುರದ ಒಂದು ಟೈಲರ್ ಅಂಗಡಿಯಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ, ಎಂಟಡಿ ಅಗಲದ ಮಳಿಗೆ. ಒಂದು ಹೊಲಿಗೆ ಮಿಷನ್ನು, ಇದ್ದಿಲು ತುಂಬುವ ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಬಡಿದ ಹಲಗೆಯ ಮೇಲೆ ವಾಲ್ವ್ ರೇಡಿಯೋ. ಮೂತಿಯಲ್ಲಿ ಹಸಿರು ಕಣ್ಣು. ಸ್ಟೇಷನ್ನು ಸರಿಯಾಗಿ ಸಿಕ್ಕರೆ ಆ ಕಣ್ಣು ಕಿರಿದಾಗುತ್ತಿತ್ತು, ಜಾರಿದರೆ ಮತ್ತೆ ಅಗಲ. ಏರಿಯಲ್ ತಂತಿ ಸೂರಿನಿಂದ ಹೊರಟು ಎದುರುಮನೆಯ ತೆಂಗಿನ ಮರಕ್ಕೆ ಕಟ್ಟಿತ್ತು. ಗಾಳಿ ಬೀಸಿ ಮರ ತೂಗಿದರೆ ಲತಾ ದನಿಯೂ ತೂಗುತ್ತಿತ್ತು. 25 ಮೀಟರ್, ಅದು ಕೈಕೊಟ್ಟರೆ 41 ಮೀಟರ್. ಗುಡುಗು ಬಂದರೆ ಎಲ್ಲ ಆರಿಸಿ ಸುಮ್ಮನೆ ಕೂರುವುದು. ಊರಿನ ಮಳೆ ನಮ್ಮ ಹಾಡನ್ನು ತಿಂದಷ್ಟು ಇನ್ನಾರೂ ತಿಂದಿಲ್ಲ.

ಟೈಲರ್ ಸಾಬರು ಅಂತಲೇ ಊರು ಅವರನ್ನು ಕರೆಯುತ್ತಿತ್ತು. ಬುಧವಾರ ಏಳೂವರೆಗೆ ಕತ್ತರಿ ಕೆಳಗಿಡುತ್ತಿದ್ದರು. ಒಬ್ಬೊಬ್ಬರೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು: ರೈಲ್ವೆಯವರೊಬ್ಬರು, ಅರಕಲಗೂಡಿನ ಕಡೆಯಿಂದ ಹೊಗೆಸೊಪ್ಪಿನ ವ್ಯಾಪಾರಕ್ಕೆ ಬಂದು ರಾತ್ರಿ ತಂಗುವ ಒಬ್ಬರು, ಕಾಲೇಜು ಹುಡುಗರು ಇಬ್ಬರು ಮೂವರು. ನಾನು ಲೆಕ್ಕದ ಪಾಠಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬರುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ, ಹದಿನಾರರಿಂದ ಒಂದರವರೆಗೆ ಹಿಂದು ಹಿಂದಕ್ಕೆ ಹಿಂದಿಯಲ್ಲಿ ಎಣಿಸಲು ಕಲಿತದ್ದು ಅಲ್ಲೇ.

ಕಟ್ಟೆಯ ಮೇಲಿನ ಮುಕ್ಕಾಲು ಜನಕ್ಕೆ ಹಿಂದಿ ಬರುತ್ತಿರಲಿಲ್ಲ. ಆದರೂ ಸಯಾನಿ ಹೇಳಿದ್ದು ತಿಳಿಯುತ್ತಿತ್ತು. ಹೇಗೆ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಅವರ ತಾಯಿಯ ಬಗ್ಗೆ ಓದಿದಾಗ. ಕುಲ್ಸುಂ ಸಯಾನಿಯವರು ಗಾಂಧೀಜಿಯ ಮಾತಿನಂತೆ, ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಎಂಬ ಪತ್ರಿಕೆ ನಡೆಸುತ್ತಿದ್ದರು. ನಾಗರಿ, ಉರ್ದು, ಗುಜರಾತಿ, ಮೂರು ಲಿಪಿಯಲ್ಲೂ ಒಂದೇ ಸರಳ ಹಿಂದುಸ್ತಾನಿ. ಹುಡುಗ ಅಮೀನ್ ಆ ಕೆಲಸದಲ್ಲಿ ಬೆಳೆದವರು. ತೊಡಕು ಮಾತನ್ನು ಬಿಟ್ಟು ಎದುರಿಗಿರುವವನಿಗೆ ಮುಟ್ಟುವ ಮಾತು ಆರಿಸುವುದು ಅವರಿಗೆ ಮನೆಯ ಕಸುಬು. ಹೊಸ ಅಕ್ಷರಸ್ಥನಿಗೆ ಕಟ್ಟಿದ ಭಾಷೆ ಹಾಸನ ಜಿಲ್ಲೆಯ ಕಟ್ಟೆಗೂ ದಕ್ಕಿತು. ತಿಳಿಯದ ಮಾತಿಗೆ ಸಾಬರಿದ್ದರು. ಅವರ ದಖನಿಗೂ ಸಯಾನಿಯ ಹಿಂದುಸ್ತಾನಿಗೂ ಅಷ್ಟೇನೂ ಬಳಕೆ ಇರಲಿಲ್ಲ, ಆದರೆ ನಮ್ಮ ಮುಂದೆ ಒಪ್ಪಿಕೊಳ್ಳುತ್ತಿರಲಿಲ್ಲ.

ಸಯಾನಿ ಹಾಡಿಗೆ ನಂಬರ್ ಅನ್ನುತ್ತಿರಲಿಲ್ಲ, 'ಪಾಯ್‌ದಾನ್' ಅನ್ನುತ್ತಿದ್ದರು. "ಹಂಗಂದ್ರೆ ಏನು ಸಾಬ್ರೇ?" ಅಂತ ಕೇಳಿದೆ. ಅವರು ಮಾತಾಡದೆ ಮಿಷನ್ನಿನ ಕೆಳಗೆ ತಾವು ತುಳಿಯುವ ಕಬ್ಬಿಣದ ಹಲಗೆ ತೋರಿಸಿ, "ಕಾಲಿಡೋದು. ಇದೂ ಅದೇ, ಮೆಟ್ಟಿಲೂ ಅದೇ" ಅಂದರು. ಇವತ್ತಿಗೂ ಹಾಡೊಂದು ಏರಿತು ಅಂದರೆ ನನ್ನ ಕಣ್ಣಿಗೆ ಸವೆದು ಹೊಳೆಯುವ ಆ ಹಲಗೆಯೇ ಬರುತ್ತದೆ.

ಮೊದಮೊದಲು ಗೀತ್‌ಮಾಲಾ ಕೌಂಟ್‌ಡೌನ್ ಆಗಿರಲಿಲ್ಲವಂತೆ. ಏಳು ಹಾಡು ಹಾಕುವುದು, ಕ್ರಮ ಊಹಿಸಿ ಬರೆದವರಿಗೆ ನೂರು ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೇ 9,000 ಕಾಗದ ಬಂದವು, ಮುಂದೆ ವಾರಕ್ಕೆ 65,000ದವರೆಗೆ ಹೋಯಿತು. ಅಷ್ಟು ಕಾಗದ ಓದುವವರಾರು? ಆಮೇಲೆ ರೆಕಾರ್ಡ್ ಅಂಗಡಿಗಳ ಮಾರಾಟ, ಶ್ರೋತೃ ಸಂಘಗಳು ಕಳಿಸುವ ಪಟ್ಟಿ, ಎರಡನ್ನೂ ಸೇರಿಸಿ ಮೆಟ್ಟಿಲು ಕಟ್ಟಿದರು. 1953ರ ಮೊದಲ ವಾರ್ಷಿಕ ಪಟ್ಟಿಯಲ್ಲಿ ತುದಿಗೇರಿದ್ದು 'ಅನಾರ್ಕಲಿ'ಯ ಲತಾ ಹಾಡು. ವಾರಗಟ್ಟಲೆ ಇಳಿಯದೆ ನಿಂತ ಹಾಡಿಗೆ ಬಿಗುಲ್ ಊದಿ, 'ಸರ್ತಾಜ್' ಅಂತ ಕಿರೀಟ ಇಟ್ಟು ಕಳಿಸುವುದು. ಬಿಗುಲ್ ಕೇಳಿದರೆ ನಮ್ಮ ಕಟ್ಟೆಯಲ್ಲಿ ಬೀಡಿ ಎಸೆದು ನೆಟ್ಟಗೆ ಕೂರುತ್ತಿದ್ದರು, ಉತ್ಸವ ಮೂರ್ತಿ ಹೊರಟಂತೆ. ಅರಕಲಗೂಡಿನ ಆಚೆಗಿನ ಊರು ಕಾಣದ ಹುಡುಗರಿಗೂ ಝುಮ್ರಿ ತಿಲೈಯ್ಯಾ ಗೊತ್ತಿತ್ತು. ಆಗ ಬಿಹಾರದಲ್ಲಿದ್ದ ಆ ಕಾಗೆಬಂಗಾರದ ಗಣಿಯೂರಿನಿಂದ ಹಾಡು ಕೇಳಿ ಬರುವ ಕಾಗದಗಳಿಗೆ ಲೆಕ್ಕವಿರಲಿಲ್ಲ. ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬರುತ್ತಿದ್ದ ಬೆರಳುದ್ದದ ಪ್ಲಾಸ್ಟಿಕ್ ಪ್ರಾಣಿಗಳಿಗಾಗಿ ನಾನು ಬೇವಿನ ಕಡ್ಡಿ ಬಿಟ್ಟೆ, ಮೇಷ್ಟ್ರಾಗಿದ್ದ ಅಪ್ಪನ ಕೈಲಿ ಏಟೂ ತಿಂದೆ.

ಕನ್ನಡ ಹಾಡಿಗೆ ಇಂಥ ಮೆರವಣಿಗೆ ಇಲ್ಲವಲ್ಲ ಅನ್ನುವ ಹೊಟ್ಟೆಯುರಿ ಕಟ್ಟೆಯಲ್ಲಿ ಆಗಾಗ ಏಳುತ್ತಿತ್ತು. ಅದಕ್ಕೆ ರೈಲ್ವೆಯವರು ಒಂದು ಸಮಾಧಾನ ಕಂಡುಕೊಂಡಿದ್ದರು. 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೆ ಲತಾ ಹಾಡಿದ್ದಾರೆ, 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ರಫಿ ಹಾಡಿದ್ದಾರೆ, ಅವರೇ ನಮ್ಮ ಹತ್ತಿರ ಬಂದರು, ನಾವೇನು ಹೋಗಲಿಲ್ಲ! ಮುಂದೆ 'ಕುಳ್ಳ ಏಜೆಂಟ್ 000'ಕ್ಕೆ ಕಿಶೋರ್ ಹಾಡಿದಾಗ ಅವರ ವಾದಕ್ಕೆ ಮೂರನೇ ಸಾಕ್ಷಿ ಸಿಕ್ಕಿತು.

ಈಗ ಪುಸ್ತಕದ ವಿಷಯ. ಸಾಬರ ಬಳಿ ಅಳತೆ ಪುಸ್ತಕವಿತ್ತು, ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಮುಂದಿನಿಂದ ತೆರೆದರೆ ಗಿರಾಕಿಗಳ ಎದೆ, ಸೊಂಟ, ತೋಳು, ಬಟ್ಟೆಯ ಒಂದು ಚೂರು ಗುಂಡುಸೂಜಿಯಲ್ಲಿ ಚುಚ್ಚಿದ್ದು. ಹಿಂದಿನಿಂದ ತೆರೆದರೆ ಬುಧವಾರಗಳು. ಒಂದೊಂದು ಹಾಳೆಗೆ ಒಂದೊಂದು ವಾರ, ಹದಿನಾರು ಸಾಲು. ಸಿನಿಮಾ ಹೆಸರು, ಹಾಡಿದವರು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ಲು ಕಿವಿಯ ಮೇಲೆ. ಹೋದ ವಾರಕ್ಕಿಂತ ಏರಿದ್ದಕ್ಕೆ ಕೆಂಪು ಗೀಟು, ಇಳಿದದ್ದಕ್ಕೆ ನೀಲಿ. ಎಲ್ಲವೂ ಉರ್ದುವಿನಲ್ಲಿ. 1971ರ ಸೆಪ್ಟೆಂಬರ್ 12ರಂದು ಶಂಕರ್-ಜೈಕಿಶನ್ ಜೋಡಿಯ ಜೈಕಿಶನ್ ತೀರಿಕೊಂಡರು, ಇನ್ನೂ ನಲವತ್ತೆರಡು ತುಂಬಿರಲಿಲ್ಲ. ಆ ವಾರದ ಹಾಳೆಯ ನೆತ್ತಿಯಲ್ಲಿ ಸಾಬರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಬಿಳಿ ಗೆರೆ ಎಳೆದರು. ಅಂದಾಜ್ ಹಾಡು ಅವರದೇ ಜೋಡಿಯದು. ವರ್ಷದ ಕೊನೆಗೆ ಅದೇ ಗೆದ್ದಾಗ ಕಟ್ಟೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅದೇ ವರ್ಷ ರಂಜಾನ್ ತಿಂಗಳು ಬಂತು. ರಾತ್ರಿ ನಮಾಜು ಎಂಟರ ಹೊತ್ತಿಗೇ ಬೀಳುತ್ತಿತ್ತು. ಸಾಬರು ಮಸೀದಿಗೆ ಹೊರಡುವ ಮುನ್ನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. "ಒಂದೂ ಬಿಡಬೇಡ ಮರಿ. ಕೇಳಿಸದಿದ್ರೆ ಕೇಳಿಸಲಿಲ್ಲ ಅಂತ ಬರಿ, ಊಹೆ ಮಾಡಿ ಬರೀಬೇಡ." ನಾಲ್ಕು ಬುಧವಾರ ನಾನು ಆ ಅಂಗಡಿಯ ಗುಮಾಸ್ತನಾಗಿದ್ದೆ.

ಆಮೇಲೆ ಎಲ್ಲ ಕಡೆ ಆದದ್ದೇ ಇಲ್ಲೂ ಆಯಿತು. ಟ್ರಾನ್ಸಿಸ್ಟರ್ ಬಂತು, ಕಟ್ಟೆಯ ಜನ ಅವರವರ ಮನೆಯಲ್ಲಿ ಸೆಲ್ಲು ಬಿಸಿಲಿಗಿಟ್ಟು ಕೇಳತೊಡಗಿದರು. ಟೀವಿ ಬಂತು. ಬಿನಾಕಾ ಸಿಬಾಕಾ ಆಯಿತು. 1989ರಲ್ಲಿ ಗೀತ್‌ಮಾಲಾ ಸಿಲೋನ್ ಬಿಟ್ಟು ವಿವಿಧ ಭಾರತಿಗೆ ಬಂತು, ಹೊಳೆ ದಾಟಿದ ಮೇಲೆ ಅಂಬಿಗ ಮನೆಗೆ ಬಂದಂತೆ. 1994ರಲ್ಲಿ ನಿಂತಿತು. ಹಾಸನಕ್ಕೇ ಒಂದು ಆಕಾಶವಾಣಿಯಾಗಿ, 102.2ರಲ್ಲಿ ನಮ್ಮ ಹಳ್ಳಿಗಳ ಹೆಸರನ್ನೇ ಕೋರಿಕೆ ಹಾಡಿನ ಜೊತೆ ಓದತೊಡಗಿದ ಮೇಲೆ ಝುಮ್ರಿ ತಿಲೈಯ್ಯಾ ಯಾರಿಗೂ ಬೇಕಾಗಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ಅದು ಆಗಬೇಕಾದ್ದೇ.

ಬೇಸರ ಬೇರೆ. ಈಗ ಮತ್ತೆ ಕೇಳಿಸುವ ಗೀತ್‌ಮಾಲಾ, ಸಯಾನಿಯವರು ಆಮೇಲೆ ಕೂತು ಹಳೆಯದನ್ನು ನೆನೆದು ಹೇಳಿದ್ದು. ಚೆನ್ನಾಗಿಯೇ ಹೇಳಿದ್ದಾರೆ. ಆದರೆ ಅದರಲ್ಲಿ ಇರುವವು ಗೆದ್ದ ಹಾಡುಗಳು. ಹದಿನಾರನೇ ಮೆಟ್ಟಿಲಿಗೆ ಒಂದು ವಾರ ಬಂದು, ಎರಡನೇ ವಾರಕ್ಕೆ ಕಾಣದೆ ಹೋದ ಹಾಡು ಅಲ್ಲಿಲ್ಲ. ಒಂಬತ್ತರಲ್ಲಿ ಮೂರು ವಾರ ಏದುಸಿರು ಬಿಟ್ಟು ಇಳಿದದ್ದು ಇಲ್ಲ. ನಾವು ಕಟ್ಟೆಯ ಮೇಲೆ ನಾಲ್ಕಾಣೆ ಬಾಜಿ ಕಟ್ಟುತ್ತಿದ್ದದ್ದು ಅವುಗಳ ಮೇಲೆ. ಮೊದಲನೆಯದರ ಮೇಲೆ ಬಾಜಿ ಕಟ್ಟುವ ದಡ್ಡ ಯಾರಿದ್ದ?

2024ರ ಫೆಬ್ರುವರಿ 20ರಂದು, ತೊಂಬತ್ತೊಂದನೇ ವಯಸ್ಸಿನಲ್ಲಿ, ಸಯಾನಿ ಮುಂಬಯಿಯಲ್ಲಿ ಹೋದರು. ಮಾರನೇ ವಾರ ನಾನು ಹೊಳೆನರಸೀಪುರಕ್ಕೆ ಹೋದೆ. ಸಾಬರು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಅಂಗಡಿ ಇದೆ. ಮಗ ಈಗ ಹೊಸದಾಗಿ ಹೊಲಿಯುವುದು ಕಡಿಮೆ, ರೆಡಿಮೇಡ್ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡುವುದು, ಜಿಪ್ಪು ಹಾಕುವುದು. ತೆಂಗಿನ ಮರ ಇಲ್ಲ. ಅಟ್ಟದ ಮೇಲೆ ಹುಡುಕಿ ಒಂದು ಪುಸ್ತಕ ಇಳಿಸಿದರು. ಒಂದೇ. ಉಳಿದವು ಗೆದ್ದಲಿನ ಪಾಲು.

ಹಿಂದಿನಿಂದ ತೆರೆದೆವು. ಸೀಮೆಸುಣ್ಣದ ಬಿಳಿ ಗೆರೆ ಅಳಿಸಿಹೋಗಿತ್ತು, ಉಜ್ಜಿದ ಮಬ್ಬು ಮಾತ್ರ. ಕೆಂಪು ಗೀಟು, ನೀಲಿ ಗೀಟು ನಿಚ್ಚಳ. ನಡುವಿನ ಅಕ್ಷರ ನನಗೆ ಬರುವುದಿಲ್ಲ. ಮಗನಿಗೂ ಬರುವುದಿಲ್ಲ, ಅವರು ಓದಿದ್ದು ಕನ್ನಡ ಶಾಲೆಯಲ್ಲಿ. "ಮಸೀದಿ ಹಜರತ್‌ರಿಗೆ ಬರುತ್ತೆ ಅಣ್ಣ. ಆದ್ರೆ ಸಿನಿಮಾ ಹಾಡಿನ ಪಟ್ಟಿ ಅವರ ಹತ್ರ ಓದಿಸೋಕೆ ನಂಗೇ ಒಂಥರಾ..." ಅಂತ ನಕ್ಕರು. ನಾನೂ ನಕ್ಕೆ.

ನಾಲ್ಕು ಹಾಳೆ ಮಾತ್ರ ಕನ್ನಡದಲ್ಲಿದ್ದವು, ದಪ್ಪ ದಪ್ಪ ಅಕ್ಷರ, ಒತ್ತಿ ಬರೆದು ಹಿಂಬದಿ ಉಬ್ಬಿದೆ. ನಾಲ್ಕನೆಯದನ್ನು ಮಗುಚಿದರೆ ಆ ಕಡೆಯಿಂದ ಬಂದ ಅಳತೆಯ ಲೆಕ್ಕ. "ಮೇಷ್ಟ್ರ ಮಗ, ಚಡ್ಡಿ, ಸೊಂಟ 22", ಜೊತೆಗೆ ಖಾಕಿಯ ಚೂರು, ತುಕ್ಕು ಹಿಡಿದ ಸೂಜಿ. ಅಂಗಡಿಯ ಪುಸ್ತಕದಲ್ಲಿ ಅದೊಂದನ್ನು ಅವರು ಯಾಕೆ ಕನ್ನಡದಲ್ಲಿ ಬರೆದರೋ. ನನಗೆ ತೋರಿಸಲಿಕ್ಕೇ ಇರಬೇಕು.

ಹಾಳೆಗಳ ಫೋಟೋ ತೆಗೆದು ಭಾವನಿಗೆ ವಾಟ್ಸಪ್ ಮಾಡಿದೆ. ಐದೇ ನಿಮಿಷಕ್ಕೆ ಫೋನ್ ಬಂತು. ಅಂದಾಜ್, ಕಟೀ ಪತಂಗ್ ಯಾವುದೂ ಅವರಿಗೆ ಬೇಕಿರಲಿಲ್ಲ.

"ನಾಲ್ಕನೇ ಹಾಳೇಲಿ ಹನ್ನೊಂದನೇದು ಏನೋ ಅದು? ಓದೋಕೇ ಆಗ್ತಿಲ್ಲ."

"'ಕೇಳಿಸಲಿಲ್ಲ' ಅಂತ ಬರ್ದಿದೀನಿ ಭಾವ. 'ಲತಾ. ಹೋದ ವಾರ ಹದಿನಾಲ್ಕು.' ಅಷ್ಟೇ."

"ಕೆಂಪು ಹಾಕಿದೀಯ?"

"ಹೂಂ, ಕೆಂಪು."

"ಮುಂದಿನ ವಾರದ್ದು ನೋಡು, ಹತ್ತರೊಳಗೆ ಬಂದಿರುತ್ತೆ."

"ಮುಂದಿನ ವಾರದಿಂದ ಸಾಬರ ಅಕ್ಷರ, ಭಾವ."