ಹೊಳೆಯ ನೀರು ನೂಲಾದ ಊರು: ಗೋಕಾಕ ಫಾಲ್ಸ್

ಡಿಸೆಂಬರ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಸಿಂದಗಿ ಸೀಮೆಯ ಮೋರಟಗಿಯಿಂದ ಹೊರಡಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಹೊರಡಲಿ, ಪಶ್ಚಿಮಕ್ಕೆ ಮುಖ ಮಾಡಿದ ಪ್ರವಾಸದ ಬಸ್ಸಿಗೆ ಗೋಕಾಕ ಜಲಪಾತ ಒಂದು ಪ್ರಿಯವಾದ ನಿಲ್ದಾಣ. ಬುತ್ತಿಗಂಟು ಬಸ್ಸಿನಲ್ಲೇ ಬಿಟ್ಟು ಮಕ್ಕಳು ಬಂಡೆಯ ಅಂಚಿನತ್ತ ಓಡುತ್ತಾರೆ. ಇಣುಕಿ ನೋಡಿದರೆ ಮುಖ ಸಪ್ಪಗಾಗುತ್ತದೆ. ಚಿತ್ರದಲ್ಲಿ ಕಂಡಿದ್ದ ಕೆಂಪು ನೀರಿನ ಅಬ್ಬರವಿಲ್ಲ. ಬರಿಯ ಬಂಡೆ, ಅದರ ಮೇಲಿಂದ ಇಳಿಯುವ ಒಂದೆರಡು ಬಿಳಿ ಎಳೆ. ‘ನೀರು ಎಲ್ಲಿ ಹೋಯಿತು, ಸರ್?’ ಎಂಬ ಪ್ರಶ್ನೆ ಆಗ ಯಾರಾದರೊಬ್ಬ ಹುಡುಗನ ಬಾಯಿಂದ ಬಂದೇ ಬರುತ್ತದೆ.

ಆ ಪ್ರಶ್ನೆ ಸಣ್ಣದಲ್ಲ. ಗೋಕಾಕ ಫಾಲ್ಸ್ ಎಂಬ ಪುಟ್ಟ ಊರಿನ ಭೂಗೋಲ, ಇತಿಹಾಸ ಎರಡೂ ಅದರ ಉತ್ತರದಲ್ಲಿವೆ.

ಕುದುರೆ ಲಾಳದ ಬಂಡೆ

ಗೋಕಾಕ ಪಟ್ಟಣದಿಂದ ಆರೇಳು ಕಿ.ಮೀ. ದೂರದಲ್ಲಿ, ಘಟಪ್ರಭಾ ನದಿಯ ದಂಡೆಯಲ್ಲಿ ಈ ಊರಿದೆ. ನದಿ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಅಲ್ಲಿ ಧಾರಾಕಾರ ಮಳೆ. ಪೂರ್ವಕ್ಕೆ ಹರಿದು ಬಂದಂತೆ ಮಳೆ ಕಡಿಮೆಯಾಗಿ, ಗೋಕಾಕದ ಹೊತ್ತಿಗೆ ನದಿ ಮಳೆನೆರಳಿನ ನಾಡಿನಲ್ಲಿರುತ್ತದೆ. ಆಕಾಶದಲ್ಲಿ ಮೋಡವಿಲ್ಲದ ದಿನವೂ ಇಲ್ಲಿ ಹೊಳೆ ತುಂಬಿ ಬರುವುದುಂಟು. ಆ ನೀರು ಘಟ್ಟದ ಮಳೆಯ ಕೊಡುಗೆ.

ಹಾಸುಗಲ್ಲಿನ ಮೇಲೆ ಹರಿದು ಬಂದ ನದಿ ಇಲ್ಲಿ ಒಮ್ಮೆಲೇ ಸುಮಾರು 52 ಮೀಟರ್, ಅಂದರೆ 170 ಅಡಿ ಕೆಳಗೆ ಧುಮುಕುತ್ತದೆ. ಬಂಡೆಯ ಅಂಚು ಕುದುರೆ ಲಾಳದಂತೆ ಬಾಗಿದೆ. ಇದನ್ನು ಕಂಡವರು ‘ಕರ್ನಾಟಕದ ನಯಾಗರ’ ಎಂದು ಕರೆದದ್ದು ಈ ಆಕಾರಕ್ಕಾಗಿಯೇ. ಕಲಾದಗಿ ಶ್ರೇಣಿ ಎಂದು ಭೂವಿಜ್ಞಾನಿಗಳು ಹೆಸರಿಟ್ಟ ಬಹಳ ಪುರಾತನ ಮರಳುಗಲ್ಲು ಇಲ್ಲಿಯದು. ಒಂದು ಕಾಲಕ್ಕೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಮರಳು ಗಟ್ಟಿಯಾಗಿ ಕಲ್ಲಾಯಿತು. ಆ ಪದರಗಳನ್ನು ಕಂದರದ ಗೋಡೆಯಲ್ಲಿ ಬರಿಗಣ್ಣಿನಿಂದಲೇ ಎಣಿಸಬಹುದು. ಪುಸ್ತಕದಲ್ಲಿ ‘ಜಲಜ ಶಿಲೆ’ ಎಂದು ಓದಿದ ಪಾಠ ಇಲ್ಲಿ ಕಣ್ಣೆದುರು ನಿಂತಿದೆ.

ಜಲಪಾತದ ನೆತ್ತಿಯ ಬಳಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ. ಗಿರಣಿ ಬರುವುದಕ್ಕೆ ಶತಮಾನಗಳ ಮೊದಲೇ ಜನ ಈ ನೀರಿನ ದಂಡೆಗೆ ಬಂದು ಕೈಮುಗಿದು ಹೋಗುತ್ತಿದ್ದರೆಂಬುದಕ್ಕೆ ಅದೇ ಸಾಕ್ಷಿ.

ಹತ್ತಿ ಇತ್ತು, ಕಲ್ಲಿದ್ದಲು ಇರಲಿಲ್ಲ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಭಾಗದ ಎರಿಭೂಮಿ ಹತ್ತಿಗೆ ಹೆಸರಾಗಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ಅರಳೆಗೆ ಬಂಗಾರದ ಬೆಲೆ ಬಂತು. ಎತ್ತಿನ ಗಾಡಿಗಳ ಮೇಲೆ ಘಟ್ಟ ಇಳಿದ ಅರಳೆ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅಲ್ಲಿ ನೂಲಾಗಿ, ಬಟ್ಟೆಯಾಗಿ ಮರಳಿ ಬಂದು ಇದೇ ನಾಡಿನ ಸಂತೆಯಲ್ಲಿ ಮಾರಾಟವಾಗುತ್ತಿತ್ತು.

ಹತ್ತಿ ಬೆಳೆಯುವಲ್ಲೇ ನೂಲು ತೆಗೆದರೆ ಹೇಗೆ? ಅಡ್ಡಿ ಒಂದೇ: ಉಗಿಯಂತ್ರಕ್ಕೆ ಬೇಕಾದ ಕಲ್ಲಿದ್ದಲು ಈ ಭಾಗದಲ್ಲಿ ಇರಲಿಲ್ಲ. ಇದ್ದದ್ದು 170 ಅಡಿ ಎತ್ತರದಿಂದ ಬೀಳುವ ನೀರು. ಮುಂಬಯಿಯ ಫೋರ್ಬ್ಸ್ ಸಂಸ್ಥೆಯವರು 1885ರಲ್ಲಿ ಇಲ್ಲಿ ಕಂಪನಿ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’. ಹೆಸರಿನಲ್ಲಿ ಹತ್ತಿಗಿಂತ ಮೊದಲು ನೀರು ಬಂತು. 1887ರಲ್ಲಿ ಗಿರಣಿಯ ಕದಿರುಗಳು ತಿರುಗತೊಡಗಿದವು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದೇ ದಶಕದಲ್ಲಿ ಈ ಭಾಗದಲ್ಲಿ ಹಳಿ ಹಾಕುತ್ತಿತ್ತು. ಅರಳೆ ಬರಲು, ನೂಲು ಹೋಗಲು ದಾರಿಯಾಯಿತು.

ಈ ಯೋಚನೆ ಗೋಕಾಕದ್ದೊಂದೇ ಅಲ್ಲ. ದೂರದ ಸ್ವಿಟ್ಜರ್ಲೆಂಡಿಗೂ ಕಲ್ಲಿದ್ದಲಿನ ಬಡತನ, ಹೊಳೆಗಳ ಸಿರಿತನ. ಅಲ್ಲಿ ರಾಯ್ಸ್ ನದಿಯ ದಂಡೆಯ ವಿಂಡಿಷ್ ಎಂಬ ಹಳ್ಳಿಯಲ್ಲಿ ಹೈನ್ರಿಖ್ ಕುಂಜ್ ಎಂಬಾತ 1820ರ ದಶಕದ ಕೊನೆಯಲ್ಲೇ ನೂಲಿನ ಗಿರಣಿ ಕಟ್ಟಿದ್ದ. ನದಿ, ಗಿರಣಿ, ಕೂಲಿಕಾರರ ಮನೆಗಳು, ಇಷ್ಟೇ ಸೇರಿ ಒಂದು ಊರಾಗುವ ರೀತಿ ಅಲ್ಲೂ ಇಲ್ಲೂ ಒಂದೇ.

ಬೀಳುವ ನೀರಿನ ಲೆಕ್ಕ

ನೀರು ಯಂತ್ರ ತಿರುಗಿಸುವ ಬಗೆ ಸರಳ. ಜಲಪಾತದ ಮೇಲ್ಭಾಗದಲ್ಲಿ ನದಿಯ ನೀರನ್ನು ತಿರುವಿ ದೊಡ್ಡ ಕೊಳವೆಗಳಲ್ಲಿ ಕಂದರಕ್ಕೆ ಇಳಿಸುತ್ತಾರೆ. ರಭಸದಿಂದ ಇಳಿದ ನೀರು ಕೆಳಗಿನ ಟರ್ಬೈನಿನ ಚಕ್ರವನ್ನು ತಿರುಗಿಸಿ ಮತ್ತೆ ಹೊಳೆ ಸೇರುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಸಾವಿರ ಕಿಲೊ. ಸೆಕೆಂಡಿಗೆ ಅಷ್ಟು ನೀರು 52 ಮೀಟರ್ ಎತ್ತರದಿಂದ ಬಿದ್ದರೆ ಸಿಗಬಹುದಾದ ಶಕ್ತಿ ಎಷ್ಟು? ಸಾವಿರವನ್ನು 9.8ರಿಂದ, ಬಂದದ್ದನ್ನು 52ರಿಂದ ಗುಣಿಸಿದರೆ ಸುಮಾರು 510 ಕಿಲೊವಾಟ್, ಅಂದರೆ 680 ಅಶ್ವಶಕ್ತಿ. ಯಂತ್ರದಲ್ಲಿ ಸೋರಿಹೋಗುವ ಪಾಲು ಕಳೆದರೂ ದೊಡ್ಡ ಮೊತ್ತವೇ. ಹತ್ತನೆಯ ಇಯತ್ತೆಯ ಹುಡುಗರು ಜಲಪಾತದ ಕಟ್ಟೆಯ ಮೇಲೆ ಕೂತು ಮಾಡಿ ನೋಡಬಹುದಾದ ಲೆಕ್ಕ ಇದು.

1887ರಲ್ಲಿ ಇಲ್ಲಿ ಏಷ್ಯಾದಲ್ಲೇ ಮೊದಲು ವಿದ್ಯುತ್ ಉತ್ಪಾದನೆಯಾಯಿತು ಎಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ಇಲ್ಲೊಂದು ಎಚ್ಚರ ಬೇಕು. ಜಲಶಕ್ತಿ ಬೇರೆ, ಜಲವಿದ್ಯುತ್ ಬೇರೆ. ಟರ್ಬೈನಿನ ತಿರುಗುವಿಕೆಯನ್ನು ಹಗ್ಗ, ಗಾಲಿ, ಪಟ್ಟೆಗಳ ಮೂಲಕ ನೇರವಾಗಿ ಯಂತ್ರಕ್ಕೆ ಒಯ್ಯುವುದು ಆ ಕಾಲದ ಗಿರಣಿಗಳ ರೂಢಿ. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಭಾರತದ ಮೊದಲ ಜಲವಿದ್ಯುತ್ ಕೇಂದ್ರವೆಂದು ಸಾಮಾನ್ಯವಾಗಿ ಎಣಿಸುವುದು 1897ರ ಡಾರ್ಜಿಲಿಂಗಿನದನ್ನು. ನಮ್ಮ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಗೋಕಾಕಕ್ಕೆ ಹೆಮ್ಮೆಪಡಲು ‘ಮೊದಲು’ ಎಂಬ ಬಿರುದು ಬೇಕಿಲ್ಲ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಹೊಳೆಯನ್ನೇ ದುಡಿಮೆಗೆ ಹಚ್ಚಿದ್ದು ಸಣ್ಣ ಮಾತಲ್ಲ.

ಭೋಂಗಾದ ಗಡಿಯಾರ

ಗಿರಣಿಯ ಸುತ್ತ ಊರು ಬೆಳೆಯಿತು. ಹೊಲದಲ್ಲಿ ಸೂರ್ಯನನ್ನು ನೋಡಿ ಹೊತ್ತು ಅಳೆಯುತ್ತಿದ್ದ ಜನ ಭೋಂಗಾದ ಕೂಗಿಗೆ ಎದ್ದು ಪಾಳಿಗೆ ಹೋಗುವುದನ್ನು ಕಲಿತರು. ಮಳೆ ಕೈಕೊಟ್ಟ ವರ್ಷವೂ ಪಗಾರ ಬರುತ್ತಿತ್ತು. ಬರಗಾಲದ ಸೀಮೆಯಲ್ಲಿ ಅದು ದೊಡ್ಡ ಆಸರೆ.

ಆದರೆ ಗಿರಣಿಗಳ ಆ ದಿನಗಳು ಹಗುರವಾಗಿರಲಿಲ್ಲ. ಪ್ರವಾಸಕ್ಕೆ ಬಂದ ಮಕ್ಕಳು ತಿಳಿಯಬೇಕಾದ ಒಂದು ಸಂಗತಿ ಇದೆ. ಗೋಕಾಕದ ಗಿರಣಿ ಸುರುವಾದಾಗ ದೇಶದಲ್ಲಿ ಜಾರಿಯಲ್ಲಿದ್ದದ್ದು 1881ರ ಕಾರ್ಖಾನೆ ಕಾಯ್ದೆ. ಅದು ತಡೆದದ್ದು ಏಳು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಮಾತ್ರ. ಏಳರಿಂದ ಹನ್ನೆರಡರ ಮಕ್ಕಳನ್ನು ದಿನಕ್ಕೆ ಒಂಬತ್ತು ತಾಸು ದುಡಿಸಲು ಕಾಯ್ದೆಯ ಅಡ್ಡಿ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1877ರಲ್ಲೇ ಹದಿನಾಲ್ಕು ವರ್ಷದೊಳಗಿನವರನ್ನು ಕಾರ್ಖಾನೆಗೆ ಸೇರಿಸಬಾರದೆಂಬ ನಿಯಮವಾಗಿತ್ತು. ಭಾರತದಲ್ಲಿ ಆ ಹದಿನಾಲ್ಕರ ಗೆರೆ ಗಟ್ಟಿಯಾದದ್ದು ಸ್ವಾತಂತ್ರ್ಯದ ನಂತರ, 1948ರ ಕಾಯ್ದೆಯಲ್ಲಿ. ಇಂದು ಪಾಟಿಚೀಲ ಹೊತ್ತು ಪ್ರವಾಸಕ್ಕೆ ಬರುವ ಹುಡುಗಿಯ ಬಾಲ್ಯ ಎಷ್ಟು ಹೋರಾಟದಿಂದ ಉಳಿದು ಬಂದದ್ದೆಂಬುದು ಈ ವರ್ಷಗಳನ್ನು ಒಂದರ ಕೆಳಗೊಂದು ಬರೆದರೆ ತಿಳಿಯುತ್ತದೆ.

ಗಿರಣಿಯ ಒಡೆತನ ಮುಂದೆ ಟಾಟಾ ಸಮೂಹಕ್ಕೆ, ಆ ಬಳಿಕ ಶಾಪೂರ್ಜಿ ಪಲ್ಲೋಂಜಿ ಸಮೂಹಕ್ಕೆ ಹೋಯಿತು. ಒಡೆಯರು ಬದಲಾದರೂ ಊರಿನ ಹೆಸರಿನ ಜೊತೆ ಗಿರಣಿಯ ಹೆಸರು ಬಿಡದೆ ಬೆಸೆದುಕೊಂಡಿದೆ.

ನೀರು ಹೋದ ದಾರಿ

ಈಗ ಆ ಹುಡುಗನ ಪ್ರಶ್ನೆಗೆ ಬರಬಹುದು. ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ. 1897ರಲ್ಲಿ ಪೂರ್ಣವಾದ ಈ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಟು ಹೊಲಗಳಿಗೆ ನೀರುಣಿಸುತ್ತದೆ. ಒಡ್ಡಿನ ಹಿಂದೆ ನಿಂತ ನೀರಿಗೆ ಹಕ್ಕಿಗಳೂ ಬಂದವು. 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. ಇನ್ನೂ ಮೇಲೆ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ಜಲಾಶಯ ಇದೆ. ಮಳೆಗಾಲ ಕಳೆದ ಮೇಲೆ ಘಟಪ್ರಭೆಯ ಹೆಚ್ಚಿನ ನೀರು ಜಲಾಶಯದಲ್ಲಿ, ಕಾಲುವೆಯಲ್ಲಿ, ಕೊಳವೆಯಲ್ಲಿ ಹಂಚಿಹೋಗಿರುತ್ತದೆ. ಬಂಡೆಯ ಮೇಲೆ ಧುಮುಕಲು ಉಳಿಯುವುದು ಸ್ವಲ್ಪ. ಜಲಪಾತ ಬಡವಾದದ್ದು ಕಬ್ಬು, ಗೋವಿನಜೋಳದ ಹಸಿರಿಗಾಗಿ, ಕುಡಿಯುವ ನೀರಿಗಾಗಿ, ಗಿರಣಿಯ ನೂಲಿಗಾಗಿ. ಇದು ಲಾಭವೋ ನಷ್ಟವೋ ಎಂಬುದನ್ನು ತರಗತಿಯಲ್ಲಿ ಚರ್ಚಿಸಲಿ.

ಮನುಷ್ಯ ಕಟ್ಟಿದ ಲೆಕ್ಕವನ್ನು ನದಿ ಒಮ್ಮೊಮ್ಮೆ ಅಳಿಸುವುದೂ ಉಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿತು.

ಜಲಪಾತದಿಂದ ಮುಂದೆ ಹರಿದ ಘಟಪ್ರಭೆ ಆಲಮಟ್ಟಿಗಿಂತ ಮೇಲೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿ ದಾಟಿದ ನೀರು ನಾರಾಯಣಪುರದ ಬಸವಸಾಗರ ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ, ಅದರಿಂದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿ ಸೀಮೆಯ ಕಡೆಗೆ ಹೊರಡುತ್ತದೆ. ಪ್ರವಾಸದಲ್ಲಿ ನಿರಾಸೆಗೊಂಡ ಹುಡುಗ ಊರಿಗೆ ಮರಳಿ ಕಾಲುವೆಯ ದಂಡೆಯ ಮೇಲೆ ನಿಂತರೆ, ಗೋಕಾಕದಲ್ಲಿ ಹುಡುಕಿದ ನೀರಿನ ಒಂದು ಪಾಲು ಅವನ ಕಾಲ ಬುಡದಲ್ಲೇ ಹರಿಯುತ್ತಿರಬಹುದು.

ಹೋಗುವವರಿಗೆ

ಬೆಳಗಾವಿಯಿಂದ ಗೋಕಾಕ ಫಾಲ್ಸ್‌ಗೆ ಸುಮಾರು 60 ಕಿ.ಮೀ. ವಿಜಯಪುರದ ಕಡೆಯವರು ಜಮಖಂಡಿ ಮಾರ್ಗವಾಗಿ ಗೋಕಾಕ ತಲುಪಬಹುದು. ಮೀರಜ್–ಬೆಳಗಾವಿ ರೈಲುಮಾರ್ಗದಲ್ಲಿ ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳಿವೆ. ತುಂಬಿದ ಜಲಪಾತ ನೋಡಬೇಕೆಂದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸರಿಯಾದ ಕಾಲ. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇಲ್ಲಿಯ ಇನ್ನೊಂದು ಆಕರ್ಷಣೆ. ಆ ದಿನಗಳಲ್ಲಿ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಅಂಚಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡ. ಪಾಲಕರು, ಶಿಕ್ಷಕರು ಮಕ್ಕಳ ಕೈ ಬಿಡಬಾರದು. ಮರಳುವಾಗ ಗೋಕಾಕದ ಕರದಂಟು ಕಟ್ಟಿಸಿಕೊಳ್ಳುವುದನ್ನು ಮಾತ್ರ ಯಾರೂ ನೆನಪು ಮಾಡಬೇಕಾಗಿಲ್ಲ.