ಮೂಗಿನ ಸಾಕ್ಷಿ

ನಮ್ಮ ಮನೆಯ ಬಚ್ಚಲಿಗೂ ಕಾರಿನ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಬುಡದಲ್ಲಿ ಶೆಡ್ಡು ತೊಳೆದ ನೀರು ಹರಿದು ಹೋಗಲೆಂದು ಅಂಗೈಯಗಲದ ಒಂದು ತೂತು. ಬಿಜೈಯ ಹಳೆಯ ಹೆಂಚಿನ ಮನೆ. ಮೊದಲು ಅಲ್ಲಿ ಸೌದೆ ಕೊಟ್ಟಿಗೆಯಿತ್ತು, ಕಾರು ಬಂದ ಮೇಲೆ ಸೌದೆ ಮೂಲೆಗೆ ಸರಿಯಿತು. ಗೀಸರ್ ಇದ್ದರೂ ನನಗೆ ಹಂಡೆಯ ನೀರೇ ಆಗಬೇಕು. ಬೆಳಿಗ್ಗೆ ಐದೂವರೆಗೆ ಒಲೆಗೆ ಕೊತ್ತಳಿಗೆ, ತೆಂಗಿನ ಸಿಪ್ಪೆ ತುರುಕಿ ಕಡ್ಡಿ ಗೀರುವುದು ಮದುವೆಯಾಗಿ ಬಂದಂದಿನಿಂದ ನಡೆದು ಬಂದ ಕ್ರಮ. ಅದೊಂದು ದಿನ ಕಡ್ಡಿ ಗೀರಲು ಹೋದವಳು ಹಾಗೆಯೇ ನಿಂತುಬಿಟ್ಟೆ. ಪೆಟ್ರೋಲಿನ ವಾಸನೆ!

ನಿಂತದ್ದೇನೋ ಸರಿ. ಆದರೆ ನನ್ನ ಮೂಗನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ. 2021ರ ಮೇ ತಿಂಗಳಲ್ಲಿ ಕೊರೋನಾ ನಮ್ಮವರನ್ನು ಕರೆದುಕೊಂಡು ಹೋಯಿತು, ನನ್ನ ಮೂಗನ್ನೂ ಕಿತ್ತುಕೊಂಡಿತು. ಮೂರು ತಿಂಗಳು ನನಗೆ ಮಲ್ಲಿಗೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ವಾಸನೆ ಮರಳಿ ಬಂದದ್ದೂ ತಲೆಕೆಟ್ಟು ಬಂತು. ಕಾಫಿ ಎಂದರೆ ಸುಟ್ಟ ರಬ್ಬರು. ಹಾಗಾಗಿ ಮಗಳು ಫೋನಿನಲ್ಲಿ, “ಅಮ್ಮಾ, ಅದು ನಿನ್ನ ಮೂಗಿನ ಚೇಷ್ಟೆ” ಎಂದಾಗ ಎದುರು ಹೇಳಲು ಬಾಯಿ ಬರಲಿಲ್ಲ. ತಮ್ಮನದ್ದು ಬೇರೆಯೇ ರಾಗ. “ಅಕ್ಕ, ಆ ಡಬ್ಬವನ್ನು ಗುಜರಿಗೆ ಕೊಟ್ಟುಬಿಡು.” ಕಾರು 2008ರದ್ದು. ಹದಿನೈದು ವರ್ಷ ತುಂಬಿದಾಗ ಆರ್‌ಟಿಓ ಕಚೇರಿಗೆ ನಾನೇ ಅಲೆದು ಇನ್ನೈದು ವರ್ಷಕ್ಕೆ ನೋಂದಣಿ ಮಾಡಿಸಿಕೊಂಡು ಬಂದಿದ್ದೆ. ಕೊಡುವ ಮನಸ್ಸಿದ್ದಿದ್ದರೆ ಆಗಲೇ ಕೊಡುತ್ತಿರಲಿಲ್ಲವೇ?

ಮಾಮೂಲಿ ಗ್ಯಾರೇಜಿನಲ್ಲಿ ಪ್ಲಗ್ಗು ಬದಲಾಯಿತು, ಪೆಟ್ರೋಲ್ ಫಿಲ್ಟರ್ ಬದಲಾಯಿತು, ವಾಸನೆ ಬದಲಾಗಲಿಲ್ಲ. “ಹೊಗೆ ಟೆಸ್ಟ್ ಪಾಸಾಗಿದೆ ಮೇಡಂ, ಸುಮ್ಮನೆ ಹೆದರಬೇಡಿ” ಎಂದು ಸರ್ಟಿಫಿಕೇಟು ತೋರಿಸಿದರು. ಆ ಪರೀಕ್ಷೆ ಅಳೆಯುವುದು ಸೈಲೆನ್ಸರಿನ ಬಾಯಿಂದ ಬರುವುದನ್ನು ಮಾತ್ರ, ನಿಂತ ಕಾರಿನಿಂದ ಹೊರಡುವ ಆವಿಯ ಲೆಕ್ಕ ಅದರಲ್ಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಮಾತಿನಲ್ಲಿ ಗೆಲ್ಲಲಾಗದ್ದನ್ನು ಬರೆದು ಗೆಲ್ಲಬೇಕು, ಮೇಷ್ಟ್ರುಗಳಿಗೆ ಬೇರೆ ಏನು ಬರುತ್ತದೆ! ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಗೆರೆ ಎಳೆದೆ: ತಾರೀಕು, ವಾಸನೆ, ಪೆಟ್ರೋಲು ಹಾಕಿಸಿದ ದಿನ, ಸ್ಟಾರ್ಟ್ ಆದ ಬಗೆ. ಒಲೆಗೆ ರಜೆ ಕೊಟ್ಟು ಗೀಸರಿನ ನೀರು ಸುರಿದುಕೊಂಡು ಆರು ವಾರ ಬರೆದೆ. ಮೂಗಿಗೆ ತಲೆಕೆಟ್ಟಿದ್ದರೆ ಅದಕ್ಕೆ ಕ್ರಮವಿರುವುದಿಲ್ಲವಷ್ಟೆ? ಇಲ್ಲಿ ಕ್ರಮವಿತ್ತು. ಟ್ಯಾಂಕು ತುಂಬಿಸಿದ ಮರುದಿನ ವಾಸನೆ ಜೋರು. ಟ್ಯಾಂಕು ಅರ್ಧಕ್ಕಿಳಿದ ಮೇಲೆ ಇಲ್ಲವೇ ಇಲ್ಲ. ಇನ್ನೊಂದು, ಬಂಕಿನಿಂದ ಹೊರಡುವಾಗ ಮಾತ್ರ ಇಂಜಿನು ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ.

ಕುಲಶೇಖರದ ಕಡೆ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ನೆನಪಾಯಿತು. ಸಮಾಜ ವಿಜ್ಞಾನದಲ್ಲಿ ಮೂವತ್ತೈದಕ್ಕೆ ತೇರ್ಗಡೆಯಾದವನು. ಕೈ ಒರೆಸಿಕೊಂಡು ಹಾಜರಿ ಪುಸ್ತಕವನ್ನು ಪುಟ ಪುಟವಾಗಿ ಓದಿದ. ನನ್ನ ತರಗತಿಯಲ್ಲಿ ಅವನು ಯಾವುದನ್ನೂ ಅಷ್ಟು ಶ್ರದ್ಧೆಯಿಂದ ಓದಿದ್ದು ನಾನು ಕಂಡಿಲ್ಲ. “ಟೀಚರ್, ಇದು ಟ್ಯಾಂಕಿನ ಆವಿ. ನಿಮ್ಮ ಮೂಗು ಸರಿ ಉಂಟು” ಎಂದ. ನನಗೆ ಗಂಟಲು ಕಟ್ಟಿತು.

ಅವನು ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮೂರಿನ ಸೆಕೆಗೆ ಟ್ಯಾಂಕಿನ ಪೆಟ್ರೋಲು ಸದಾ ಆವಿಯಾಗುತ್ತಲೇ ಇರುತ್ತದೆ. ಅದನ್ನು ಹೊರಗೆ ಬಿಡಬಾರದೆಂದು ಪೈಪಿನಲ್ಲಿ ಒಂದು ಕಪ್ಪು ಡಬ್ಬಿಗೆ ಕಳುಹಿಸುತ್ತಾರೆ. ನಮ್ಮ ಕಾರಿನಲ್ಲಿ ಅದು ಬಾನೆಟ್ಟಿನೊಳಗೇ ಇದೆ. ಡಬ್ಬಿಯ ಹೊಟ್ಟೆ ತುಂಬ ಇದ್ದಿಲು! ಅಜ್ಜಿ ಹಲ್ಲುಜ್ಜುತ್ತಿದ್ದ, ಬಾವಿ ನೀರು ಸೋಸುವ ಮಡಕೆಗೆ ಮರಳಿನ ಜೊತೆ ಹಾಕುತ್ತಿದ್ದ ಮಸಿಯ ವಂಶದ್ದೇ. ಇದು ಕಣ್ಣಿಗೆ ಕಾಣದ ಲಕ್ಷಾಂತರ ರಂಧ್ರಗಳಿರುವಂತೆ ವಿಶೇಷವಾಗಿ ಹದ ಮಾಡಿದ್ದು. ಅದು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನು ಓಡುವಾಗ ಒಂದು ಪುಟ್ಟ ವಾಲ್ವು ತೆರೆದುಕೊಂಡು, ಹಿಡಿದಿಟ್ಟ ಆವಿಯನ್ನು ಇಂಜಿನೇ ಹೀರಿ ಸುಟ್ಟುಬಿಡುತ್ತದೆ.

ಇಷ್ಟೆಲ್ಲ ರಗಳೆ ಏಕೆಂದು ನನಗೂ ಅನಿಸಿತ್ತು. ಮನೆಗೆ ಬಂದು ಓದಿದೆ. ಕಾರುಗಳ ಇಂಧನದ ಆವಿ ಮತ್ತು ಹೊಗೆಗೆ ಬಿಸಿಲು ತಾಗಿ ಲಾಸ್ ಏಂಜಲೀಸಿನ ಮೇಲೆ ಕಣ್ಣುರಿಸುವ ಮಬ್ಬು ಕವಿಯುತ್ತದೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ 1950ರ ದಶಕದಲ್ಲಿ ತೋರಿಸಿಕೊಟ್ಟ. ಕ್ಯಾಲಿಫೋರ್ನಿಯ 1970ರ ಮಾಡೆಲಿನ ಕಾರುಗಳಿಂದಲೇ ಆವಿಗೆ ಕಟ್ಟುಪಾಡು ಹಾಕಿತು. ಪೆಟ್ರೋಲಿನ ಆವಿಯಲ್ಲಿ ಬೆಂಜೀನ್ ಇರುತ್ತದೆ, ಅದು ರಕ್ತದ ಕ್ಯಾನ್ಸರಿಗೆ ದಾರಿ. ಅದೆಲ್ಲ ದೂರದ ಭಯ. ನನ್ನ ಎದೆ ನಡುಗಿದ್ದು ಇನ್ನೊಂದು ಸಾಲು ಓದಿ. ಈ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಗೋಡೆಯ ಬುಡದ ತೂತು, ಅದರಾಚೆಗೆ ನನ್ನ ಒಲೆ. ಆ ರಾತ್ರಿಯೇ ಒದ್ದೆ ಗೋಣಿ ತುರುಕಿ ತೂತು ಮುಚ್ಚಿದೆ, ಮರುದಿನ ಸಿಮೆಂಟು.

ಪರೀಕ್ಷೆ ಮಾಡುವ ದಿನ ಹುಡುಗ ನನ್ನನ್ನೇ ಬಂಕಿಗೆ ಕರೆದುಕೊಂಡು ಹೋದ. ಪೆಟ್ರೋಲು ತುಂಬಿ ಕೊಳವೆ ‘ಟಕ್’ ಎಂದಿತು. ಯೋಚಿಸದೆಯೇ ನನ್ನ ಬಾಯಿಂದ ಬಂತು: “ರೌಂಡ್ ಮಾಡು ಮಗಾ.”

ಹುಡುಗ ತಿರುಗಿ ನೋಡಿದ. “ಟೀಚರ್, ಯಾವಾಗಲೂ ಹೀಗೆಯೇ ಹಾಕಿಸುದಾ?”

ನಮ್ಮವರ ಕ್ರಮ ಅದು. ‘ಟಕ್’ ಎಂದ ಮೇಲೂ ಕಾರನ್ನು ಒಂದಿಷ್ಟು ಅಲುಗಾಡಿಸಿ, ಕತ್ತಿನವರೆಗೆ ತುಂಬಿಸಿ, ನೂರರ ಲೆಕ್ಕಕ್ಕೆ ತಂದು ನಿಲ್ಲಿಸುವುದು. ಚಿಲ್ಲರೆ ಎಂದರೆ ಅವರಿಗಾಗದು. ಅವರು ಹೋದ ಮೇಲೆ ನಾನೂ ಅದನ್ನೇ ವ್ರತದಂತೆ ಪಾಲಿಸಿಕೊಂಡು ಬಂದಿದ್ದೆ.

ಇಂಜಿನು ಹಿಡಿಯಲಿಲ್ಲ. ಕಾರನ್ನು ಬದಿಗೆ ತಳ್ಳಿ, ವಾಲ್ವಿನಿಂದ ಇಂಜಿನಿಗೆ ಹೋಗುವ ಪೈಪನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, “ಈಗ ಸ್ಟಾರ್ಟ್ ಮಾಡಿ” ಎಂದ. ಒಂದೇ ಸಲಕ್ಕೆ ಹಿಡಿಯಿತು. ಗ್ಯಾರೇಜಿನಲ್ಲಿ ವಾಲ್ವು ಬಿಚ್ಚಿ ತುಂಡು ಪೈಪು ಸಿಕ್ಕಿಸಿ ಊದಿದ. ಕರೆಂಟಿಲ್ಲದಾಗ ಅದು ಮುಚ್ಚಿರಬೇಕಂತೆ. ಗಾಳಿ ಸರಾಗವಾಗಿ ಆಚೆ ಬಂತು. ಟ್ಯಾಂಕಿನಿಂದ ಬರುವ ರಬ್ಬರು ಪೈಪು ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಕೊನೆಗೆ ಕಪ್ಪು ಡಬ್ಬಿಯನ್ನು ಕಳಚಿ ಬಗ್ಗಿಸಿದ. ಆವಿಯನ್ನಷ್ಟೇ ಹಿಡಿಯಬೇಕಾದ ಡಬ್ಬಿಯಿಂದ ಪೆಟ್ರೋಲೇ ತೊಟ್ಟಿಕ್ಕಿತು. ತುಂಬಿ ಮಿಕ್ಕಿದ್ದೆಲ್ಲ ಅಲ್ಲಿಗೇ ಹೋಗಿ ಇದ್ದಿಲು ನೆನೆದು ಕೆಟ್ಟಿತ್ತು.

ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಹುಡುಗನಿಗೆ ಏನು ಹೊಳೆಯಿತೋ, “ಹಾಕಿಸಿದ್ದರಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಹಳೆಯದಾದರೆ ಎಲ್ಲ ಹೋಗ್ತದೆ” ಎಂದ. ಮೂವತ್ತೈದು ಅಂಕದ ಹುಡುಗ!

ವಾಲ್ವು, ಡಬ್ಬಿ, ಎರಡು ಪೈಪು, ಟ್ಯಾಂಕಿನ ಮುಚ್ಚಳಕ್ಕೊಂದು ಹೊಸದು, ಕೂಲಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಮತ್ತೂ ಎರಡು ವಾರ ಪುಸ್ತಕದಲ್ಲಿ ಬರೆದೆ. ‘ವಾಸನೆ’ಯ ಕಲಮಿನಲ್ಲಿ ಸಾಲಾಗಿ ಗೈರುಹಾಜರಿ. ಆಮೇಲೆ ಒಲೆ ಹಚ್ಚಿದೆ. ಕೊತ್ತಳಿಗೆಯ ಹೊಗೆ ಕೊತ್ತಳಿಗೆಯ ಹೊಗೆಯಂತೆಯೇ ಇತ್ತು.

ಮುಂದಿನ ಸಲ ಬಂಕಿಗೆ ಹೋದಾಗ ಕೊಳವೆ ‘ಟಕ್’ ಎಂದಿತು. ಬಂಕಿನ ಹುಡುಗ ಪರಿಚಯದವನೇ. “ರೌಂಡ್ ಮಾಡುದಲ್ವಾ ಅಮ್ಮಾ?” ಎಂದು ಕೇಳಿದ.

“ಬೇಡ, ಸಾಕು” ಎಂದೆ.

1,463 ರೂಪಾಯಿ. ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಾ ನಿಂತೆ. ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದ.